ಪಾರಣೆ

ಕುಡಿದಾದ ಮೇಲೆ ಜಯಪಾಲನಿಗೆ ಒಂದು ತೇಗು ಬರುತ್ತಿತ್ತು. ಮದುವೆಯಾದಂದಿನಿಂದ ತಾರಾಬಾಯಿ ಉಳಿದದ್ದನ್ನೆಲ್ಲ ಹೇಗೋ ರೂಢಿ ಮಾಡಿಕೊಂಡಿದ್ದಳು, ಆ ತೇಗು ಮಾತ್ರ ರೂಢಿಯಾಗಲಿಲ್ಲ. ಹಲ್ಲು ಚರ್ಮದೊಳಗೆ ಇಳಿಯುವಾಗಿನ ಚುಳುಕು, ತೋಳಿನ ಒಳಗಿನಿಂದ ಯಾರೋ ದಾರ ಎಳೆಯುತ್ತಿದ್ದಾರೆನ್ನುವಂಥ ಸೆಳೆತ, ಅವನ ಗಂಟಲಲ್ಲಿ ಗುಟುಕು ಇಳಿಯುವ ಸದ್ದು, ಇವೆಲ್ಲ ಸುಖದ ಅಂಚಿಗೇ ಇದ್ದವು. ಹಾಗೆಂದು ತನಗೆ ತಾನೇ ಒಪ್ಪಿಕೊಳ್ಳಲೂ ಅವಳಿಗೆ ನಾಚಿಕೆ. ಆದರೆ ಅವನು ಕುಡಿದು ಮುಗಿಸಿ, ಅವಳ ಸೆರಗಿನಿಂದಲೇ ಬಾಯಿ ಒರೆಸಿಕೊಂಡು, ಜೋಳದ ಚೀಲಕ್ಕೆ ಒರಗಿ, ಉಂಡು ತೃಪ್ತನಾದ ಯಾವುದೇ ಗಂಡಸಿನ ಹಾಗೆ ತೇಗಿದನೆಂದರೆ, ಅದರಲ್ಲಿ ತೇಲಿಬರುವ ತನ್ನದೇ ರಕ್ತದ ವಾಸನೆಗೆ, ಒದ್ದೆ ಕಬ್ಬಿಣದ, ನದಿಯ ಕೆಸರಿನ ವಾಸನೆಗೆ, ಅವಳು ಉಸಿರು ಕಟ್ಟಿ ಮುಖ ತಿರುಗಿಸುತ್ತಿದ್ದಳು. ಇವತ್ತು ಎರಡು ತೇಗು ಬಂದವು. ಇವತ್ತು ಅವನು ದಿನಕ್ಕಿಂತ ಹೆಚ್ಚು ಕುಡಿದಿದ್ದ.

ಮುಂದಿನ ಪಡಸಾಲೆಯಲ್ಲಿ ಮಗ್ಗಗಳು ಖಟಖಟ ಹೊಡೆದುಕೊಳ್ಳುತ್ತಿದ್ದವು. ಕರೆಂಟ್ ಇರುವಷ್ಟು ಹೊತ್ತು ಬೋರಗಾಂವದಲ್ಲಿ ಒಂದು ಮನೆಯ ಮಾತು ಇನ್ನೊಂದು ಮನೆಗೆ ಕೇಳುವುದಿಲ್ಲ. ಊರಿನ ಮೇಲೆ ತಗಡು ಹೊದಿಸಿದ ಹಾಗೆ ಪಾವರ್‌ಲೂಮಿನ ಸದ್ದು. ಅದಕ್ಕೇ ಗಂಡಹೆಂಡತಿ ಮಧ್ಯಾಹ್ನದ ಹೊತ್ತನ್ನು ಆರಿಸಿಕೊಂಡಿದ್ದರು. ಇವತ್ತು ಆ ಸದ್ದಿನ ಮೇಲೆ ಇನ್ನೊಂದು ಸದ್ದಿತ್ತು. ಓಣಿಯಲ್ಲಿ ಮಂಟಪ ಎಬ್ಬಿಸುತ್ತಿದ್ದರು, ಮೈಕಿನವನು ಹಲೋ ಹಲೋ ಎಂದು ಊದುತ್ತಿದ್ದ, ಯಾರೋ ಕಬ್ಬಿನ ಗಾಣವನ್ನು ಕಟ್ಟೆಯ ಹತ್ತಿರ ಎಳೆದು ತರುತ್ತಿದ್ದರು. ಭಾದ್ರಪದದಲ್ಲಿ ಕಬ್ಬು ಇನ್ನೂ ಬಲಿತಿರುವುದಿಲ್ಲ, ಆದರೂ ಬಸದಿಯ ಹಿರಿಯರಾದ ಜಿನ್ನಪ್ಪ ಕಾಕಾ ಹಟ ಹಿಡಿದು ತಮ್ಮ ತೋಟದ ಕಬ್ಬನ್ನೇ ಕಡಿಸಿದ್ದರು. ಆದಿನಾಥ ಸ್ವಾಮಿ ಉಪವಾಸ ಬಿಟ್ಟ ಪಾರಣೆ ಕಬ್ಬಿನ ಹಾಲಿನಿಂದಲೇ ಆದದ್ದು, ನಮ್ಮ ಜಯಪಾಲನದೂ ಹಾಗೇ ಆಗಬೇಕು ಎಂದಿದ್ದರು. ಜಯಪಾಲ ಒಂದು ತಿಂಗಳ ಉಪವಾಸ ಮಾಡಿದ್ದ. ಊರು ಹಾಗೆ ನಂಬಿತ್ತು.

ಸುಳ್ಳನ್ನು ಮೊದಲು ಹೇಳಿದ್ದು ಅವನಲ್ಲ. ಅನ್ನ, ರೊಟ್ಟಿ, ಹಾಲು ಯಾವುದೂ ಅವನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳ ಮನಸ್ಸು ಹಿಡಿಯಲೆಂದು ಒಂದು ಚಮಚೆ ಪಾಯಸ ನುಂಗಿ, ಕುಡಿದದ್ದನ್ನೆಲ್ಲ ಅವಳ ಹೊಸ ಪತ್ತಲದ ಮೇಲೆ ಕಕ್ಕಿದ್ದ. ಬೇರೆಯವರ ಮನೆಯ ಊಟದಲ್ಲಿ ಎಲೆಯ ಮುಂದೆ ಕೂತು, ಇವತ್ತು ಅಷ್ಟಮಿ, ಇವತ್ತು ಚತುರ್ದಶಿ ಎಂದು ಎದ್ದುಬಿಡುತ್ತಿದ್ದ. ಹಾಗೆ ಏಳುವವನನ್ನು ನೋಡಿ ನೋಡಿ ಜನವೇ ಒಂದು ಹೆಸರು ಹುಡುಕಿತು. ವ್ರತ ಅಂದರು. ಆಮೇಲೆ ತಪಸ್ಸು ಅಂದರು. ಈ ವರ್ಷ ಬಸದಿಯಲ್ಲಿ ಜಿನ್ನಪ್ಪ ಕಾಕಾ ಎಲ್ಲರೆದುರು, 'ಜಯಪಾಲ, ತಿಂಗಳಾ ಹಿಡೀತಿ ಏನಪಾ?' ಎಂದು ಕೇಳಿದಾಗ ಅವನು ತಲೆ ತಗ್ಗಿಸಿದ. ತಗ್ಗಿದ ತಲೆಯನ್ನು ಎಲ್ಲರೂ ವಿನಯ ಅಂದುಕೊಂಡರು. ತಾರಾಬಾಯಿಗೆ ಗೊತ್ತಿತ್ತು, ಅವನು ನಗು ಮುಚ್ಚಿಕೊಂಡಿದ್ದ. ಅದು ಕೆಟ್ಟ ನಗುವೇನಲ್ಲ. ಬೈಯಬಹುದೆಂದು ಹೆದರಿ ನಿಂತವನಿಗೆ ಕೈಗೆ ಬೆಲ್ಲ ಕೊಟ್ಟರೆ ಬರುವಂಥ ನಗು. ಅವನು ಒಳ್ಳೆಯವನು, ಅದೇ ಸಂಕಟ. ಬಿಸಿಲಿಗೆ ಕಣ್ಣಲ್ಲಿ ನೀರಾಡುತ್ತಿದ್ದರೂ ಕೊಡೆ ಹಿಡಿದು ನಿಪ್ಪಾಣಿಯ ಪೇಟೆಗೆ ಹೋಗಿ ಅವಳಿಗೆ ಸೀತಾಫಲ ತರುತ್ತಿದ್ದ. ಹೊತ್ತು ಮುಳುಗುವ ಮುನ್ನ ಅವಳು ಉಣ್ಣಲು ಕೂತರೆ ಎದುರಿಗೆ ಬಂದು ಕೂರುತ್ತಿದ್ದ. ಬದನೆಕಾಯಿ ಹೆಂಗಾಗೇತಿ, ಖಾರ ಎಲ್ಲಿ ಹತ್ತತೈತಿ, ನಾಲಗಿ ತುದಿಗೋ ಗಂಟಲಿಗೋ, ಎಂದು ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. ಹುಳಿಯೆಂದರೆ ಏನು, ಹೆಸರುಬೇಳೆ ಬಾಯಲ್ಲಿ ಹೇಗೆ ಒಡೆಯುತ್ತದೆ, ಹೊಸ ಬೆಲ್ಲಕ್ಕೂ ಹಳೆ ಬೆಲ್ಲಕ್ಕೂ ಏನು ಫರಕು. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಅವಳ ಅಪ್ಪನಾಗಲಿ, ಕುಡಚಿಯ ಕಡೆಯ ಅವಳ ಬಳಗದವರಾಗಲಿ, ಅವಳ ಬಾಯಿಗೆ ಏನು ರುಚಿಸುತ್ತದೆಂದು ಒಮ್ಮೆಯೂ ಕೇಳಿದವರಲ್ಲ. ಅವಳನ್ನು ಕಂಡರೆ ಅವರೆಲ್ಲ ಸ್ವಲ್ಪ ದೂರವೇ ನಿಲ್ಲುತ್ತಿದ್ದರು. ಅವಳ ಅವ್ವ ಆಸರಾ.

ಕೃಷ್ಣೆಯ ದಂಡೆಯ ಜನ ಮಡುವಿನ ನೀರಲ್ಲಿ ವಾಸಿಸುವ ದೈವದ ಹೆಂಗಸರನ್ನು ಆಸರಾ ಅನ್ನುತ್ತಾರೆ. ಹಸಿರು ಬಳೆ, ಅರಿಸಿನ ಇಟ್ಟು ಕೈಮುಗಿದು ಹಿಂದಿರುಗಿ ನೋಡದೆ ಬರುತ್ತಾರೆ. ತಾರಾಬಾಯಿಯ ಅಪ್ಪ ಹಿಂದಿರುಗಿ ನೋಡಿದ್ದ. ಅಲ್ಲಿ ಕಂಡವಳ ಕೈಹಿಡಿದು ಮನೆಗೆ ಕರೆತಂದಿದ್ದ. ಅವ್ವ ಕೆಲವು ಕಾಲ ಒಲೆಯ ಮುಂದೆ ಕೂತು, ಹೊಗೆಗೆ ಕೆಮ್ಮಿ, ಮಗಳನ್ನು ಹಡೆದು, ಒಂದು ಮಹಾಪೂರದ ದಿನ ಕೊಡ ಹಿಡಿದುಕೊಂಡು ಹೋದವಳು ತಿರುಗಿ ಬರಲಿಲ್ಲ. ಅವಳಿಂದ ಮಗಳಿಗೆ ಬಂದದ್ದು ಬೇಸಗೆಯಲ್ಲೂ ತಣ್ಣಗಿರುವ ಮೈ, ವರ್ಷ ಕಳೆದರೂ ಸುಕ್ಕುಗಟ್ಟದ ಮುಖ, ಬೆಳಿಗ್ಗೆ ಕೊಯ್ದ ಗಾಯ ಸಂಜೆಯೊಳಗೆ ಕಲೆಯಿಲ್ಲದೆ ಕೂಡಿಕೊಳ್ಳುವ ಚರ್ಮ. ಎಷ್ಟು ರಕ್ತ ಹೋದರೂ ರಾತ್ರಿ ಕಳೆಯುವಷ್ಟರಲ್ಲಿ ಸೆಲೆಯಲ್ಲಿ ನೀರು ಬಂದ ಹಾಗೆ ಮೈಯೊಳಗೆ ಮತ್ತೆ ತುಂಬಿರುತ್ತಿತ್ತು. ಮೊದಲ ಸಲ ಜಯಪಾಲ ತನ್ನ ಹಸಿವನ್ನು ಹೇಳಿಕೊಂಡು ಅತ್ತಾಗ ತಾರಾಬಾಯಿಗೆ ಅನ್ನಿಸಿದ್ದು ಭಯವಲ್ಲ. ಯಾರೂ ಬಯಸದ ತನ್ನ ಈ ಮೈಯಿಂದ ಒಬ್ಬನಿಗಾದರೂ ಉಪಯೋಗವಾಯಿತಲ್ಲ ಎಂಬ ಹಿಗ್ಗು. ಈಗ ಆ ಹಿಗ್ಗನ್ನು ನೆನೆದರೆ, ಬೇರೆ ಯಾರದೋ ಎಂಜಲು ಬಟ್ಟಲಲ್ಲಿ ಬಾಯಿಟ್ಟ ಹಾಗಾಗುತ್ತಿತ್ತು.

"ಮಂದಿ ಮುಂದ ಎರಡ ಮಾತ ಆಡಬೇಕಂತ," ಅಂದ ಜಯಪಾಲ. ಅವನ ಕೆನ್ನೆಗಳು ಕೆಂಪಾಗಿ ಹೊಳೆಯುತ್ತಿದ್ದವು. "ಜಿನ್ನಪ್ಪ ಕಾಕಾ ಹೇಳಿ ಕಳಿಸ್ಯಾರ. ಏನ ಹೇಳಲಿ?"

"ನಿಮಗ ತಿಳದದ್ದ ಹೇಳ್ರಿ." ಅವಳು ಹಳೆ ಧೋತರದ ಚೂರನ್ನು ತೋಳಿಗೆ ಸುತ್ತುತ್ತಿದ್ದಳು. ಒಂದೇ ಕೈಯಿಂದ ಗಂಟು ಬೀಳಲಿಲ್ಲ.

"ಹುಟ್ಟಿದಾಗಿಂದ ಒಂದ ಇರುವಿನೂ ಕೊಂದಾವಲ್ಲ ನಾ. ಯಾವ ಜೀವಕ್ಕೂ ನೋವ ಮಾಡಿಲ್ಲ. ಅಷ್ಟ ಹೇಳಿದ್ರ ಸುಳ್ಳಾಗಾಂಗಿಲ್ಲಲ್ಲ?"

ಅವನು ಕಪಟವಿಲ್ಲದೆ ಕೇಳುತ್ತಿದ್ದ. ಅವಳ ತೋಳಿನ ಗಂಟನ್ನು ಹಾಗೇ ಕೇಳುತ್ತ ತಾನೇ ಕಟ್ಟಿದ, ಮೃದುವಾಗಿ, ನೋವಾಗದ ಹಾಗೆ.

"ನಾ ಯಾವ ಲೆಕ್ಕದಾಗ ಬರತೀನ್ರಿ?"

"ನೀನಾ?" ಅವನು ನಕ್ಕ. "ನೀ ನನ್ನ ಹೆಂಡತಿ."

ಮಾತು ಅಲ್ಲಿಗೇ ಮುಗಿದಂತೆ ಅವನು ಮುಂದಿನದಕ್ಕೆ ಹೋದ. ಕಬ್ಬಿನ ಹಾಲು ಕೊಟ್ಟಾಗ ಬಾಯಲ್ಲಿ ಹಿಡಿದುಕೊಳ್ಳುತ್ತೇನೆ, ನುಂಗುವುದಿಲ್ಲ. ನೀನು ಟಾವೆಲ್ ಹಿಡಿ, ಬಾಯಿ ಒರೆಸಿದ ಹಾಗೆ ಮಾಡು, ಅದರಲ್ಲಿ ಉಗುಳಿಬಿಡುತ್ತೇನೆ. ದಪ್ಪ ಟಾವೆಲ್ ಇರಲಿ. ಅವಳು ಹೂಂ ಅಂದಳು. ಅವನ ಮುಂದಿನ ಹಲ್ಲಿನ ಸಂದಿಯಲ್ಲಿ ಕೆಂಪು ಇನ್ನೂ ಕೂತಿತ್ತು. ಒರೆಸಿಕೊಳ್ಳಿ ಎಂದು ಹೇಳಬೇಕಾದ್ದು ಹೆಂಡತಿಯ ಕೆಲಸ. ಹೇಳಿದಳು. ಅವನು ನಾಲಗೆಯಿಂದ ಅದನ್ನು ಹುಡುಕಿ, ತೆಗೆದು, ನುಂಗಿದ.

ಮಂಟಪದಲ್ಲಿ ಸೆಖೆ. ಹೆಂಗಸರ ತಲೆಯ ಎಣ್ಣೆ, ಹಸಿ ಕಬ್ಬಿನ ಸಿಪ್ಪೆ, ಸಾವಿರ ಜನದ ಬೆವರು. ತಾರಾಬಾಯಿಗೆ ಕಣ್ಣು ಕತ್ತಲೆ ಬರುತ್ತಿತ್ತು. ವೇದಿಕೆಯ ಮೇಲೆ ಬಿಳಿ ಧೋತರ, ಬಿಳಿ ಶಲ್ಯದಲ್ಲಿ ಕೂತ ಗಂಡನ ಪಕ್ಕ ಅವಳನ್ನೂ ಕೂರಿಸಿದ್ದರು. ಆ ಕಡೆಗೆ ಅತ್ತೆ ಸೋನಾಬಾಯಿ, ಮೊಣಕೈವರೆಗೆ ಹಸಿರು ಬಳೆ ತೊಟ್ಟು, ಕೈಮುಗಿದುಕೊಂಡೇ ಕೂತಿದ್ದಳು. ಜನ ಸಾಲಾಗಿ ಬಂದು ಅವನ ಪಾದ ಮುಟ್ಟಿದರು. ಕೆಲವರು ತಾರಾಬಾಯಿಯ ಪಾದವನ್ನೂ ಮುಟ್ಟಿ, ಅದು ತಣ್ಣಗಿದ್ದುದಕ್ಕೆ ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡರು. ಆಚೆ ಓಣಿಯ ಹೆಂಗಸೊಬ್ಬಳು ಎಲ್ಲರಿಗೂ ಕೇಳುವ ಹಾಗೆ, "ಉಪಾಸ ಗಂಡಂದು, ಸೊರಗಿದಾಕಿ ಹೆಂಡತಿ ನೋಡವಾ!" ಅಂದಳು. ಸುತ್ತಲಿನವರು ನಕ್ಕರು. "ಅಂವನ ಮಾರಿ ನೋಡ್ರಿ," ಅಂದಳು ಇನ್ನೊಬ್ಬಳು, "ತಿಂಗಳಾ ನೀರ ಮ್ಯಾಲ ಇದ್ದ ಮಾರಿ ಹೌದೇನ್ರಿ ಅದು? ತಪಸ್ಸಿನ ತೇಜ." ತಾರಾಬಾಯಿ ಗಂಡನ ಕೆನ್ನೆಗಳನ್ನು ನೋಡಿದಳು. ಆ ತೇಜ ಮಧ್ಯಾಹ್ನದವರೆಗೆ ತನ್ನ ತೋಳಿನಲ್ಲಿತ್ತು. ಜನ ಅದಕ್ಕೆ ಕೈಮುಗಿಯುತ್ತಿದ್ದರು, ಬಗ್ಗುತ್ತಿದ್ದರು, ಮಕ್ಕಳ ತಲೆ ಹಿಡಿದು ಬಗ್ಗಿಸುತ್ತಿದ್ದರು. ತನ್ನ ಮೈಯ ಒಳಗಿನದನ್ನು ಹೊರಗೆ ತೆಗೆದು ಓಣಿಯಲ್ಲಿ ಹರವಿಟ್ಟಿದ್ದಾರೆ, ಎಲ್ಲರೂ ಬಂದು ಮೂಸುತ್ತಿದ್ದಾರೆ ಅನ್ನಿಸಿ ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಜಿನ್ನಪ್ಪ ಕಾಕಾ ಮಾತಾಡಿದರು. ಜಯಪಾಲನೂ ಮೈಕಿನ ಮುಂದೆ ನಿಂತ. "ನಾ ದೊಡ್ಡ ಮನಶ್ಯಾ ಅಲ್ಲ್ರಿ," ಅಂದ. "ಹುಟ್ಟಿದಾಗಿಂದ ಯಾವ ಜೀವಕ್ಕೂ ನೋವ ಮಾಡಿಲ್ಲ. ನಂದ ಇಷ್ಟ ಗಳಿಕಿ." ಅವನ ಕಣ್ಣಿನಲ್ಲಿ ನಿಜವಾದ ನೀರಿತ್ತು. ಸೋನಾಬಾಯಿ ಮುಖ ಮುಚ್ಚಿಕೊಂಡು ಅತ್ತಳು, ಮುಂದೆ ಕೂತ ಹೆಂಗಸರೂ ಅತ್ತರು. ಯಾವ ಜೀವಕ್ಕೂ. ತಾರಾಬಾಯಿ ಸೆರಗಿನೊಳಗೆ ತೋಳಿನ ಗಂಟನ್ನು ಮುಟ್ಟಿ ನೋಡಿಕೊಂಡಳು.

ಬೆಳ್ಳಿ ಬಟ್ಟಲಿನಲ್ಲಿ ಕಬ್ಬಿನ ಹಾಲು ತಂದು ಅವಳ ಕೈಗೆ ಕೊಟ್ಟರು. ಮೊದಲ ಗುಟುಕು ಹೆಂಡತಿ ಕುಡಿಸಬೇಕು. ಅವಳು ಬಟ್ಟಲನ್ನು ಅವನ ತುಟಿಗೆ ಹಿಡಿದಳು. ಅವನು ಬಾಯಿ ತುಂಬಿಕೊಂಡ, ಜಯಕಾರ ಎದ್ದಿತು, ಅವನು ಕಣ್ಣಿನಲ್ಲೇ ಟಾವೆಲ್ ಕೇಳಿದ. ಟಾವೆಲ್ ಅವಳ ಹೆಗಲ ಮೇಲೇ ಇತ್ತು. ಕೈ ಎತ್ತಿದ್ದರೆ ಆಗುತ್ತಿತ್ತು. ಹಟ ಮಾಡಬೇಕೆಂದೇನೂ ಅವಳು ಬಂದಿರಲಿಲ್ಲ, ತೋಳೇ ಭಾರವಾಗಿ ತೊಡೆಯ ಮೇಲೆ ಬಿದ್ದಿತ್ತು. ಅವಳು ಅದನ್ನು ಎತ್ತಲಿಲ್ಲ, ಅಷ್ಟೆ. ಅವನ ಕೆನ್ನೆಗಳು ಉಬ್ಬಿದ್ದವು, ಕಣ್ಣು ಮತ್ತೆ ಕೇಳಿತು, ಬೇಡಿಕೊಂಡಿತು. ಜಿನ್ನಪ್ಪ ಕಾಕಾ ಅವನ ಬೆನ್ನು ಸವರಿ, "ನುಂಗಪಾ, ಸಾವಕಾಶ ನುಂಗು," ಅಂದರು. ಅವನು ಹೆಂಡತಿಯ ಮುಖವನ್ನೇ ನೋಡುತ್ತ ನುಂಗಿದ.

ಮೊದಲು ಬಂದದ್ದು ಹಸಿರು ರಸ. ಅದರ ಹಿಂದೆಯೇ ಕಪ್ಪುಗೆಂಪು, ಗಟ್ಟಿ, ಬಿಸಿ. ಬಿಳಿ ಧೋತರದ ಮೇಲೆ, ಶಲ್ಯದ ಮೇಲೆ, ಜಿನ್ನಪ್ಪ ಕಾಕಾರ ಕೈಮೇಲೆ. ಹೆಪ್ಪುಗಟ್ಟಿದ್ದೊಂದು ತುಂಡು ಬೆಳ್ಳಿ ಬಟ್ಟಲಿನೊಳಗೆ ಬಿದ್ದು ರಸದಲ್ಲಿ ಮುಳುಗಿತು. ಗೊತ್ತಾಯಿತು, ಈಗ ಎಲ್ಲರಿಗೂ ಗೊತ್ತಾಯಿತು, ಎಂದು ತಾರಾಬಾಯಿ ಕಾದಳು. ಅವಳ ಎದೆಯಲ್ಲಿ ಭಯದ ಜೊತೆ ಬಿಡುಗಡೆಯೂ ಬಡಿದುಕೊಳ್ಳುತ್ತಿತ್ತು. ಆಗ ಜಿನ್ನಪ್ಪ ಕಾಕಾ ಕೂಗಿದರು: "ಉಪಾಸದಾಗ ಕರುಳ ಸುಟ್ಟಾವ್ರೋ! ಜೀಪ ತರ್ರಿ, ಲಗೂನ ತರ್ರಿ!" ಹೆಂಗಸರು ಗೋಳೋ ಅಂದರು. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ನಾಲ್ಕು ಜನ ಅವನನ್ನು ಎತ್ತಿಕೊಂಡು ಓಡಿದರು.

ನಿಪ್ಪಾಣಿಯ ದವಾಖಾನೆಯ ಡಾಕ್ಟರು ನಾಡಿ ನೋಡಿ, ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಕೂಡಲೇ ಕೊಡಬೇಕು ಅಂದರು. ಅಷ್ಟು ಸಾಕಾಯಿತು. ಜೀಪಿನ ಹಿಂದೆ ಟ್ರ್ಯಾಕ್ಟರಿನಲ್ಲಿ ಬಂದಿದ್ದ ಹುಡುಗರೆಲ್ಲ ಅಂಗಿಯ ತೋಳು ಮಡಚಿಕೊಂಡು ಸಾಲು ನಿಂತರು. ಗರಡಿಯಲ್ಲಿ ಮೈ ಬೆಳೆಸಿದ ಬಾಹುಬಲಿ ಎಲ್ಲರಿಗಿಂತ ಮುಂದೆ. "ನಂದ ತಗೋರಿ ಡಾಕ್ಟರ್, ಅಣ್ಣಾರಿಗೆ ನಂದ ಹೋಗಬೇಕು." ಕೊಟ್ಟು ಬಂದವರು ಮೊಣಕೈಯಲ್ಲಿ ಹತ್ತಿ ಒತ್ತಿಕೊಂಡು, ಪ್ರಸಾದ ಪಡೆದವರಂತೆ ಬೆಳಗುವ ಮುಖದಿಂದ, ವರಾಂಡದಲ್ಲಿ ಅಡ್ಡಾಡುತ್ತಿದ್ದರು. ತಾರಾಬಾಯಿಯೂ ಎದ್ದು ನಿಂತಿದ್ದಳು, ಯಾಕೆಂದು ಅವಳಿಗೇ ತಿಳಿಯದು, ರೂಢಿಯ ಬಲದಿಂದ ಇರಬೇಕು. "ನೀ ಕುಂದರು ತಂಗಿ, ಹೆಣಮಕ್ಕಳ ರಕ್ತ ಎಲ್ಲಿ ಸಾಲತೈತಿ," ಅಂದರು ಜಿನ್ನಪ್ಪ ಕಾಕಾ. ಅವಳು ಕೂತಳು. ನಗು ಉಕ್ಕಿ ಬಂತು, ಅದನ್ನು ಅಳುವಿನ ಹಾಗೆ ಕಾಣಿಸಲು ಸೆರಗನ್ನು ಬಾಯಿಗೊತ್ತಿಕೊಂಡಳು. ಸೆರಗು ಅವನ ಬಾಯಿಯ ವಾಸನೆ ಹೊಡೆಯುತ್ತಿತ್ತು.

ಹೊತ್ತು ಇಳಿಯುತ್ತಿತ್ತು. ಸೋನಾಬಾಯಿ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಬುತ್ತಿಯ ಗಂಟು ಬಿಚ್ಚಿದಳು. ಒಣ ಕಟಕು ರೊಟ್ಟಿ, ಶೇಂಗಾ ಚಟ್ನಿ. "ಹೊತ್ತ ಮುಳಗೂ ಮುಂಚೆ ಎರಡ ತುತ್ತ ತಿನ್ನವಾ," ಅಂದಳು. "ಇವತ್ತ ಅಂವಾ ನಿನ್ನ ಕಡಿಂದ ಭಾಳ ತಗೊಂಡಾನ."

ತಾರಾಬಾಯಿ ಮುರಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತೆಯ ಮುಖ ನೋಡಿದಳು.

"ನಿಮಗ ಗೊತ್ತೈತಿ?"

ಸೋನಾಬಾಯಿ ಆಚೀಚೆ ನೋಡಿ, ಬಳೆಗಳನ್ನು ಒಟ್ಟಾಗಿ ಹಿಡಿದು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಚುಚ್ಚಿ ಚುಚ್ಚಿ ಬತ್ತಿ, ಹುಳ ತಿಂದ ಸೌದೆಯ ಹಾಗೆ ಆಗಿತ್ತು. "ಹಾಲ ಬಿಡಿಸಿದ ಮ್ಯಾಲೂ ಅಂವಾ ಎದಿ ಬಿಡಲಿಲ್ಲ," ಅಂದಳು. "ಹಾಲ ನಿಂತಿತ್ತು, ರಕ್ತ ಬಂತು. ಅದನ್ನ ಕುಡದು ನಕ್ಕ. ಕೂಸು ನಗಾಕತ್ತಿದ್ರ ಏನ ಮಾಡ್ತಿ? ಮದಿವಿ ವಯಸ್ಸಿನ ತನಕಾ ನಾನ ಕೊಟ್ನಿ. ಆಮ್ಯಾಲ ನನ್ನ ಮೈಯಾಗ ಏನೂ ಉಳೀಲಿಲ್ಲ. ಕುಡಚಿ ಕಡೆ ಆಸರಾನ ಮಗಳ ಒಬ್ಬಾಕಿ ಅದಾಳ, ಆಕಿ ರಕ್ತ ಬತ್ತಾಂಗಿಲ್ಲ ಅಂತ ಕೇಳಿ ಬರಿಗಾಲಿಲೆ ನಡಕೋತ ಬಂದಿದ್ನಿ ನಿಮ್ಮ ಮನಿಗೆ. ಮಂದಿ ಬ್ಯಾಡ ಅಂದ್ರೂ ತಂದ್ನಿ."

"ನನ್ನ ಒಂದ ಮಾತ ಕೇಳಬೇಕ ಅನಸಲಿಲ್ಲೇನ್ರಿ ಅತ್ತಿ?"

"ನನ್ನ ಯಾರ ಕೇಳಿದ್ರು?" ಸೋನಾಬಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಸೊಸೆಗೆ ಅಡುಗೆ ಕಲಿಸುವಾಗಿನ ದನಿ ಅದು. "ಹೊರಗಿನವರನ್ನ ಮುಟ್ಟಿದ್ರ ಹಿಂಸಾ ಆಗತೈತಿ. ಮನ್ಯಾಗಿನ ಹೆಂಗಸು ಕೊಟ್ಟರ ಅದಕ್ಕ ಸಂಸಾರ ಅಂತಾರ. ತಿನ್ನು, ಹೊತ್ತ ಹೋಗತೈತಿ."

ತಾರಾಬಾಯಿ ರೊಟ್ಟಿಯನ್ನು ಅಲ್ಲೇ ಇಟ್ಟು ನಳದ ಕಡೆಗೆ ಹೋದಳು. ನೀರು ಮುಖಕ್ಕೆ ಎರಚಿಕೊಂಡಳು, ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ತನ್ನನ್ನು ಮೊದಲ ಸಲ ನೋಡಲು ಬಂದ ದಿನ ಈ ಮುದುಕಿ ತನ್ನ ಮಣಿಕಟ್ಟನ್ನು ಹಿಡಿದು, ಬಳೆಯ ಅಳತೆ ನೋಡುವವಳ ಹಾಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದ್ದು ನೆನಪಾಯಿತು. ತಾಯಿಯಿಲ್ಲದ ಹುಡುಗಿ ಆಗ ಆ ಮುಟ್ಟುವಿಕೆಗೇ ಕರಗಿಹೋಗಿದ್ದಳು. ಸಂತೆಯಲ್ಲಿ ಎಮ್ಮೆಯ ಕೆಚ್ಚಲು ಹಿಡಿದು ನೋಡುವವರೂ ಹಾಗೇ ಮೃದುವಾಗಿ ಹಿಡಿಯುತ್ತಾರೆ.

ತಿರುಗಿ ಬಂದಾಗ ಬೆಂಚು ಖಾಲಿಯಿತ್ತು. ಜಯಪಾಲನನ್ನು ಮಲಗಿಸಿದ್ದ ಖೋಲಿಯ ಪರದೆ ಎಳೆದಿತ್ತು. ಒಳಗಿನಿಂದ ಗುಟುಕಿನ ಸದ್ದು. ಅಷ್ಟು ವರ್ಷ ಆ ಸದ್ದನ್ನು ಅವಳು ತನ್ನ ತೋಳಿನ ಮೂಲಕ ಕೇಳಿದ್ದಳು, ಹೊರಗೆ ನಿಂತು ಕೇಳಿದ್ದು ಇದೇ ಮೊದಲು. ಪರದೆಯ ಸಂದಿಯಿಂದ ಕಂಡದ್ದು ಸ್ಟ್ಯಾಂಡಿಗೆ ತೂಗುಹಾಕಿದ ಬಾಹುಬಲಿಯ ರಕ್ತದ ಬಾಟ್ಲಿ, ಅದರ ನಳಿಗೆಯನ್ನು ಕಿತ್ತೆಸೆದ ಕೈ, ಮಂಚದ ಮೇಲೆ ಬಾಗಿದ ಮುದುಕಿ, ಅವಳ ಒಣಗಿದ ತೋಳಿಗೆ ಅಂಟಿಕೊಂಡಿರುವ ನಲವತ್ತರ ಗಂಡಸಿನ ಬಾಯಿ. ಮುದುಕಿ ಇನ್ನೊಂದು ಕೈಯಿಂದ ಅವನ ತಲೆ ನೇವರಿಸುತ್ತಿದ್ದಳು. ಏನೂ ಸಿಗುತ್ತಿರಲಿಲ್ಲವೇನೋ, ಅವನು ಗಟ್ಟಿಯಾಗಿ, ಕರು ಬರಿ ಕೆಚ್ಚಲಿಗೆ ಗುದ್ದುವ ಹಾಗೆ ತಲೆಯಿಂದ ಗುದ್ದಿ ಗುದ್ದಿ ಎಳೆಯುತ್ತಿದ್ದ. ತಾರಾಬಾಯಿಯೊಳಗೆ ಮೊದಲು ಎದ್ದದ್ದು ಹೊಟ್ಟೆಕಿಚ್ಚು. ನನ್ನದು ಬಿಟ್ಟು, ಎಂದು ಒಂದು ಅರೆಮಾತು ಮನಸ್ಸಿನಲ್ಲಿ ಮೂಡಿಯೇಬಿಟ್ಟಿತು. ಅದನ್ನು ಕೇಳಿಸಿಕೊಂಡದ್ದೇ ಅವಳಿಗೆ ಅಲ್ಲೇ, ಗೋಡೆಯ ಮಗ್ಗುಲಲ್ಲಿ, ವಾಂತಿಯಾಯಿತು. ಬಾಯಿ ಒರೆಸಿಕೊಂಡು ಒಳಗೆ ಹೋದಳು. ಅತ್ತೆಯ ಭುಜ ಹಿಡಿದು ಎಳೆದಳು. "ಬಿಡು, ಮಗಾ ಸಾಯಾಕತ್ತೈತಿ!" ಎಂದು ಸೋನಾಬಾಯಿ ಅವಳ ಕೆನ್ನೆಗೆ ಹೊಡೆದಳು. ಹೊಡೆದ ಕೈಯಲ್ಲಿ ಶಕ್ತಿಯೇ ಇರಲಿಲ್ಲ. ತಾರಾಬಾಯಿ ಆ ತೋಳಿಗೆ ಟಾವೆಲ್ ಸುತ್ತಿ, ಮುದುಕಿಯನ್ನು ನಡೆಸಿಕೊಂಡು ಹೋಗಿ ಬೆಂಚಿನ ಮೇಲೆ ಮಲಗಿಸಿ, ತಾನು ಮಾತ್ರ ಒಳಗೆ ಬಂದು ಬಾಗಿಲ ಚಿಲಕ ಹಾಕಿದಳು.

ಜಯಪಾಲನ ಮುಖ ಅರಳಿತು. ಮಂಚದ ಮೇಲೆ ಸರಿದು ಜಾಗ ಮಾಡಿದ. "ಅದು ರಕ್ತನಾಳಕ್ಕ ಹೋಗತೈತಿ, ಬಾಯಿಗೆ ಬರಾಂಗಿಲ್ಲ. ಮೈ ಬಿಟ್ಟ ರಕ್ತ ನನ್ನ ಹೊಟ್ಟ್ಯಾಗ ನಿಂದ್ರಾಂಗಿಲ್ಲ," ಎಂದು ಬಾಟ್ಲಿಯ ಕಡೆಗೆ ತೋರಿಸಿದ. "ಬಾ."

ಅವಳು ದೂರದ ಸ್ಟೂಲಿನ ಮೇಲೆ ಕೂತಳು.

"ಟಾವೆಲ್ ಯಾಕ ಹಿಡಿಲಿಲ್ಲ ನೀ?"

"ಹೇಸಿಗಿ ಬಂತ್ರಿ."

ಅವನ ತುಟಿಯ ಮೇಲಿದ್ದ ತಾಯಿಯ ರಕ್ತ ಒಣಗಿ ಸಿಪ್ಪೆಯಾಗುತ್ತಿತ್ತು. "ಇವತ್ತ ಬಂತೋ, ಮೊದಲಿನಿಂದ ಐತೋ?"

"ಮೊದಲಿನಿಂದ ಐತಿ."

"ಮತ್ತ ಯಾಕ ಕೊಟ್ಟಿ?"

"ಬದನಿಕಾಯಿ ಹೆಂಗಾಗೇತಿ ಅಂತ ಕೇಳತಿದ್ರಿ ನೀವು." ಹೇಳುವಾಗ ಅವಳಿಗೆ ಅಳು ಬಂತು, ಅದಕ್ಕೂ ಹೇಸಿಕೊಂಡಳು. "ಇನ್ನ ಮ್ಯಾಲೆ ನಾ ಕೊಡಾಂಗಿಲ್ಲ. ಅತ್ತಿಗೂ ಕೊಡಾಕ ಬಿಡಾಂಗಿಲ್ಲ. ಹೊರಗ ಹುಡುಗೂರು ನಿಂತಾರ. ಅವರೊಳಗ ಒಬ್ಬನ್ನ ಮುಟ್ಟಿದ್ರೂ ನಾ ಓಣ್ಯಾಗ ನಿಂತು ಒದರತೀನಿ."

"ಸಾಯ್ತೀನಿ, ತಾರಾ."

"ಗೊತ್ತೈತ್ರಿ."

"ನಿನಗ ಏನೂ ಅನಸಾಂಗಿಲ್ಲ?"

ಅವನು ಮೊದಲು ಬೈದ, ಅವಳ ತಾಯಿಯ ಹೆಸರೆತ್ತಿ, ಮಡುವಿನ ಹೆಸರೆತ್ತಿ ಬೈದ. ಆಮೇಲೆ ಮಂಚದಿಂದಿಳಿದು ಅವಳ ಕಾಲು ಹಿಡಿಯಲು ಬಂದ. ಅವನ ಮೂಗು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು, ಮೂಸಿ, ನಡುಗಿ, ತಾನೇ ಹಿಂದಕ್ಕೆ ಸರಿದ. ನೆಲದ ಮೇಲೆ ಕೂತು ತನ್ನ ಧೋತರಕ್ಕಂಟಿದ ಕಲೆಗಳನ್ನು ನೋಡಿಕೊಂಡ. ಬಾಗಿಲಾಚೆ ಜಿನ್ನಪ್ಪ ಕಾಕಾ ಚಿಲಕ ತೆಗೆಯಿರೆಂದು ಕೂಗುತ್ತಿದ್ದರು.

"ಒಂದ ಮಾತ ಕೇಳ್ಲೇನು," ಅಂದ ಕೊನೆಗೆ. "ನನಗ ಹಸಿವಾದಾಗ ನಿನಗ ನೋವಾಗತಿತ್ತೇನು?"

"ಹೌದ್ರಿ. ದಿನಾ."

"ಒಮ್ಮೆನೂ ಹೇಳ್ಲಿಲ್ಲಲ್ಲ."

"ನೀವ ಕೇಳ್ಲಿಲ್ಲಲ್ಲರಿ."

ಅವನು ತಲೆ ಅಲ್ಲಾಡಿಸಿದ. "ನೀ ಹತ್ತರ ಇರತೀ?"

"ಇರತೀನಿ," ಅಂದಳು. ಎದ್ದು ಚಿಲಕ ತೆಗೆದಳು.

ಮರುದಿನ ಅವನನ್ನು ಬೋರಗಾಂವಕ್ಕೆ ಕರೆತಂದರು. ಮನೆಯ ಹಿಂದಿನ, ಜೋಳದ ಚೀಲಗಳ ಖೋಲಿಯಲ್ಲೇ ತಾರಾಬಾಯಿ ಹಾಸಿಗೆ ಹಾಕಿದಳು. ಹುಷಾರಿಲ್ಲವೆಂದು ಜನಕ್ಕೆ ಹೇಳಿ ಬಾಗಿಲು ಹಾಕಿಕೊಂಡಳು. ಅಲ್ಲಿ ನಡೆದದ್ದರಲ್ಲಿ ತೇಜವೇನೂ ಇರಲಿಲ್ಲ. ಅವನ ಒಸಡು ಹಿಂದಕ್ಕೆ ಸರಿದು ಹಲ್ಲು ಉದ್ದವಾದವು, ಮೈಯಿಂದ ಹದ ಮಾಡದ ತೊಗಲಿನ ವಾಸನೆ ಬಂತು, ಚರ್ಮ ಸುಲಿದು ಹಾಸಿಗೆಗೆ ಅಂಟಿತು. ಅವನು ಗೋಡೆಯ ಸುಣ್ಣ ನೆಕ್ಕಿದ. ಒಂದು ದಿನ ತನ್ನ ನಾಲಗೆಯನ್ನೇ ಕಚ್ಚಿಕೊಂಡು, ಬಂದ ಎರಡು ಹನಿಯನ್ನು ಬಾಯೊಳಗೆ ಹೊರಳಿಸುತ್ತಿದ್ದವನು, ಅವಳು ನೋಡಿದಳೆಂದು ನಾಚಿ ಮುಖ ತಿರುಗಿಸಿದ. ಹೊಲಸು ಬಟ್ಟೆಯನ್ನು ಅವಳು ಮೂಗು ಕಟ್ಟಿಕೊಂಡು ಒಗೆದಳು, ಕಟ್ಟಿಕೊಂಡದ್ದನ್ನು ಅವನಿಂದ ಮುಚ್ಚಿಡಲಿಲ್ಲ. ಸೋನಾಬಾಯಿ ಬಾಗಿಲಾಚೆ ಕೂತು ಶಪಿಸುತ್ತಿದ್ದಳು. ಗಂಡನ್ನ ತಿಂದಾಕಿ, ಅನ್ನುತ್ತಿದ್ದಳು. ಆ ಮಾತು ಬಾಗಿಲೊಳಗೆ ಕೇಳಿಸಿದಾಗ ಒಮ್ಮೆ ಗಂಡಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟರು. ಇನ್ನೊಂದು ಸಂಜೆ, ಎಲ್ಲೋ ಹೀರಿ ಬಂದು ಹೊಟ್ಟೆ ಕೆಂಪಾದ ಸೊಳ್ಳೆಯೊಂದು ಅವನ ಮೊಣಕಾಲ ಮೇಲೆ ಕೂತಿತು. ಹಾರಲಾರದಷ್ಟು ಭಾರವಾಗಿತ್ತು. ಅವನ ಎರಡು ಬೆರಳು ಅದರ ಮೇಲೆ ಬಂದು ನಿಂತವು. ಜೊಲ್ಲು ಗದ್ದದವರೆಗೆ ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ಅವನು ಬೆರಳು ತೆಗೆದು ಮೆಲ್ಲಗೆ ಊದಿದ, ಸೊಳ್ಳೆ ಹೋಯಿತು. ತಾರಾಬಾಯಿ ನೋಡಿದಳು. ಅವತ್ತು ಅವಳಿಗೆ ಊಟ ಸೇರಲಿಲ್ಲ.

ದೀಪಾವಳಿ ಇನ್ನೂ ದೂರವಿರುವಾಗಲೇ ಅವನ ಕಣ್ಣು ತೆರೆಯುವುದು ನಿಂತಿತು. ಉಸಿರು ಮಾತ್ರ ಗೊರಗೊರ ಅನ್ನುತ್ತಿತ್ತು. ಕರೆಂಟ್ ಹೋಗಿ ಮಗ್ಗಗಳು ನಿಂತಿದ್ದ ಮಧ್ಯಾಹ್ನ. ಊರಲ್ಲಿ ಇಷ್ಟು ಮೌನವಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ಅವನ ಮಗ್ಗುಲಲ್ಲಿ ಕೂತವಳು ಯಾವಾಗ ಸೆರಗು ಸರಿಸಿ ತೋಳು ಬಿಚ್ಚಿದಳೋ, ಅವಳಿಗೇ ತಿಳಿಯಲಿಲ್ಲ. ಮೈಯಲ್ಲಿ ರಕ್ತ ತುಂಬಿ ತುಳುಕುತ್ತಿತ್ತು. ತೆಗೆಯುವವರಿಲ್ಲದೆ ಇಷ್ಟು ದಿನ ನರ ನರ ಬಿಗಿದು ನೋಯುತ್ತಿತ್ತು. "ಒಂದ ಗುಟುಕ," ಅಂದಳು ಅವನ ಕಿವಿಯಲ್ಲಿ. "ಯಾರಿಗೂ ಹೇಳಾಂಗಿಲ್ಲ. ಒಂದ." ಅವನ ತುಟಿಗಳು ಗಟ್ಟಿಯಾಗಿ ಮುಚ್ಚಿಕೊಂಡವು. ಅವಳು ಮಣಿಕಟ್ಟನ್ನು ಆ ತುಟಿಗಳ ಮೇಲೆ ಒತ್ತಿದಳು, ಹಲ್ಲಿಗೆ ತಾಗುವ ಹಾಗೆ ಉಜ್ಜಿದಳು, ಬೇಡಿಕೊಂಡಳು. ಅವನು ಎಲ್ಲಿಂದಲೋ ಶಕ್ತಿ ತಂದುಕೊಂಡು ಮುಖವನ್ನು ಆಚೆಗೆ ಹೊರಳಿಸಿದ. ಹೊರಳಿಸಿದ ಮುಖ ಮತ್ತೆ ಈಚೆಗೆ ಬರಲಿಲ್ಲ.

ಅವಳ ತೋಳು ಹಾಗೇ ಚಾಚಿಕೊಂಡಿತ್ತು. ಬಿಳುಪಾಗಿ, ತಣ್ಣಗೆ, ಒಂದು ಕಲೆಯೂ ಇಲ್ಲದೆ, ದಷ್ಟಪುಷ್ಟವಾಗಿ. ಅವಳು ಅದನ್ನು ನೋಡಿದಳು. ಅಷ್ಟು ವರ್ಷ ಅವನ ಬಾಯಿಯನ್ನು ಕಂಡರೆ ಆಗುತ್ತಿದ್ದ ಹೇಸಿಗೆ ಈಗ ಆ ತೋಳಿನ ಮೇಲೆ ಬಂದು ಕೂತಿತ್ತು, ಮತ್ತು ಅದನ್ನು ಸೆರಗಿನೊಳಗೆ ತೆಗೆದುಕೊಳ್ಳಲೂ ಅವಳಿಂದಾಗಲಿಲ್ಲ.